ಹೊಟ್ಟೆಕಿಚ್ಚಿನವಳೇ ಎಣಿಸಲಿ

ಅವಳ ಮಣ್ಣಿಗೆ ಹೋದ ದಿನ ನನಗೆ ಅಳುವಿಗಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ಕುಂಬಾರಕೊಪ್ಪಲಿನ ಅವಳ ಮನೆಯ ರಸ್ತೆಗೆ ಆಟೋ ನುಗ್ಗಲಿಲ್ಲ, ಅಷ್ಟು ಜನ. ತಿರುವಿನಲ್ಲೇ ಇಳಿದು ನಡೆದೆ. ಹೂಟಗಳ್ಳಿಯ ಕಾರ್ಖಾನೆಗಳಿಂದ ಶಿಫ್ಟು ಬಿಟ್ಟು ಸಮವಸ್ತ್ರದಲ್ಲೇ ಬಂದಿದ್ದ ಹುಡುಗರು, ಆಸ್ಪತ್ರೆಗಳಲ್ಲಿ ರಕ್ತಪರೀಕ್ಷೆ ಮಾಡುವ ಹುಡುಗಿಯರು, ಸೊಂಟದಲ್ಲಿ ಮಗುವನ್ನಿಟ್ಟುಕೊಂಡ ತಾಯಂದಿರು, ಎಲ್ಲರೂ ಅವಳ ಹಳೆಯ ವಿದ್ಯಾರ್ಥಿಗಳು. ಶಾಮಿಯಾನದ ಕೆಳಗೆ, ಅವರ ಪದ್ಧತಿಯಂತೆ, ಅವಳನ್ನು ಕೂರಿಸಿದ್ದರು. ಹಣೆಯ ತುಂಬ ವಿಭೂತಿ. ಕತ್ತು ಒಂದಿಷ್ಟು ಬಲಕ್ಕೆ ವಾಲಿತ್ತು. ಹಿಂದಿನ ಬೆಂಚಿನಿಂದ ಯಾರೋ ಪ್ರಶ್ನೆ ಕೇಳಿದ್ದಾರೆ, ಸರಿಯಾಗಿ ಕೇಳಿಸಲಿಲ್ಲ ಎನ್ನುವ ಹಾಗೆ.

ನನ್ನ ಪಕ್ಕ ನಿಂತಿದ್ದ ಹುಡುಗಿಯೊಬ್ಬಳು ಬಿಕ್ಕುತ್ತಾ ನನ್ನ ಭುಜಕ್ಕೆ ಒರಗಿ, "ನೀವೂ ಮೇಡಂ ಸ್ಟೂಡೆಂಟಾ ಆಂಟಿ?" ಅಂದಳು. ನನಗೂ ಸತ್ತವಳಿಗೂ ಒಂದೇ ವಯಸ್ಸು. ಸಾಲದ್ದಕ್ಕೆ ನಾನು ಊರಿನಲ್ಲಿ ನಾಲ್ಕು ಜನ ಬಲ್ಲ ಪ್ರಯೋಗಾಲಯವೊಂದರ ವಿಜ್ಞಾನಿ. "ಅಲ್ಲಮ್ಮ," ಅಂದೆ. ನಾನು ಸತ್ತರೆ ಎಷ್ಟು ಜನ ಬರಬಹುದು ಎಂದು ಅಲ್ಲೇ ನಿಂತು ಮನಸ್ಸಿನಲ್ಲಿ ಲೆಕ್ಕ ಹಾಕತೊಡಗಿದೆ. ಲೆಕ್ಕ ಬೇಗ ಮುಗಿಯಿತು.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲ ಕಡೆಯೂ ಮೊದಲು ಅವಳ ಹೆಸರು, ಆಮೇಲೆ ನನ್ನದು ಎನ್ನುವುದು ಜೀವಮಾನವಿಡೀ ನಡೆದುಬಂತು. ಇದೊಂದು ಬರಹದಲ್ಲಾದರೂ ಆ ಹೆಸರಿಗೆ ನಾನು ಜಾಗ ಕೊಡಬೇಕಾಗಿಲ್ಲ.

ನಾವಿಬ್ಬರೂ ಪಿಎಚ್.ಡಿ. ಮಾಡಲು ಒಬ್ಬರೇ ಗುರುಗಳ ಬಳಿ ಸೇರಿದವರು. ನಾನು ಅಗ್ರಹಾರದವಳು. ನಮ್ಮ ತಾತನ ಕಾಲಕ್ಕೆ ಅರಮನೆ ಕಚೇರಿಯಲ್ಲಿ ಕೆಲಸ, ಅಪ್ಪ ಸಂಸ್ಕೃತ ಮೇಷ್ಟ್ರು. ಓದುವುದೆಂದರೆ ನಮ್ಮ ಮನೆಯಲ್ಲಿ ಸ್ನಾನ ಮಾಡಿದಷ್ಟು ಸಹಜ, ಅಷ್ಟೇ ಕಡ್ಡಾಯ. ಅವಳ ಅಪ್ಪನಿಗೆ ಕೊಬ್ಬರಿ ಮತ್ತು ಬೆಲ್ಲದ ಮಂಡಿ. ಆ ಮನೆಯಲ್ಲಿ ಹತ್ತನೆಯ ತರಗತಿ ದಾಟಿದ ಮೊದಲ ಹೆಣ್ಣು ಅವಳು. ಪಿಯುಸಿಯಿಂದ ಮುಂದಕ್ಕೆ ಓದಿದ್ದು ಮಠದ ಹಾಸ್ಟೆಲಿನಲ್ಲಿದ್ದುಕೊಂಡು. ಬೆಳಿಗ್ಗೆ ಎದ್ದು ಪೂಜೆ ಮುಗಿಸಿ, ವಿಭೂತಿ ಧರಿಸಿ, ಕತ್ತಿನ ಲಿಂಗವನ್ನು ದುಪಟ್ಟಾದೊಳಗೆ ಸೇರಿಸಿಕೊಂಡು ಲ್ಯಾಬಿಗೆ ಬರುವಳು. ಬಂದವಳೇ ಅನಿಮಲ್ ಹೌಸಿಗೆ ಹೋಗಿ ಇಲಿಗಳನ್ನು ಮಾತನಾಡಿಸುವಳು.

ಇಲಿ ಹಿಡಿಯುವುದರಿಂದಲೇ ನನ್ನ ಸಂಕಟ ಶುರುವಾಯಿತು. ನಾನು ಪುಸ್ತಕದಲ್ಲಿ ಹೇಳಿದಂತೆಯೇ ಬಾಲದ ಬುಡ ಹಿಡಿಯುತ್ತಿದ್ದೆ, ಕತ್ತಿನ ಹಿಂದಿನ ಚರ್ಮ ಮಡಿಸಿ ಎತ್ತುತ್ತಿದ್ದೆ. ನನ್ನ ಬೆರಳಿನಲ್ಲಿ ಹಲ್ಲಿನ ಗುರುತಿಲ್ಲದ ವಾರವಿರಲಿಲ್ಲ. ಅವಳು ಪಂಜರದೊಳಗೆ ಸುಮ್ಮನೆ ಅಂಗೈ ಚಾಚಿ, "ಬಾರೋ ಮರಿ, ಬಾ, ಇವತ್ತು ನಿಂಗೇನೂ ಇಲ್ಲ, ಬರೀ ತೂಕ," ಅಂದರೆ ಕರಿಯಿಲಿಯೊಂದು ಬಂದು ಅದರ ಮೇಲೆ ಕೂರುತ್ತಿತ್ತು. ಸೂಜಿ ಚುಚ್ಚಬೇಕಾದ ದಿನ ಮಾತ್ರ ಆ ಮಾತು ಹೇಳುತ್ತಿರಲಿಲ್ಲ. "ಇವತ್ತು ನೋವಾಗತ್ತೆ ಕಣೋ, ತಡ್ಕೊ," ಅನ್ನುತ್ತಿದ್ದಳು.

"ಇಲಿಗೆ ಕನ್ನಡ ಬರುತ್ತಾ?" ಎಂದು ನಾನು ಒಮ್ಮೆ ಕುಟುಕಿದೆ.

"ಅದುಕ್ಕೆ ಬರಲ್ಲ ಬುಡು. ನನ್ನ ಕೈಗೆ ಬತ್ತದಲ್ಲ," ಅಂದಳು. "ಬಾಯಲ್ಲಿ ಸುಳ್ಳು ಹೇಳಿದ್ರೆ ಕೈ ನಡುಗುತ್ತೆ ಕಣೇ. ಇಲಿಗೆ ಅದು ತಿಳಿಯುತ್ತೆ."

ನಮ್ಮ ಕೆಲಸವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಕ್ಷಯದ ಬ್ಯಾಕ್ಟೀರಿಯಕ್ಕೆ ಹಲ್ಲು ಕಿತ್ತ ಒಬ್ಬ ಸೋದರನಿದ್ದಾನೆ, ಮಕ್ಕಳ ತೋಳಿಗೆ ಹಾಕುವ ಬಿಸಿಜಿ ಲಸಿಕೆಯಲ್ಲಿರುವುದು ಅವನೇ. ಅದನ್ನು ಇಲಿಗಳಿಗೆ ಕೊಟ್ಟು, ಅವುಗಳ ಮೈಯ ರಕ್ಷಕ ಕಣಗಳು ಒಂದಕ್ಕೊಂದು ಏನು ಸಂಕೇತ ಕಳಿಸುತ್ತವೆ ಎಂದು ನಾವು ನೋಡುತ್ತಿದ್ದೆವು. ಇಷ್ಟನ್ನೇ ನಾನು ನನ್ನ ಅಮ್ಮನಿಗೆ ವರ್ಷಗಟ್ಟಲೆ ವಿವರಿಸಿ ಸೋತಿದ್ದೆ. ಅಮ್ಮ ಬಂದವರಿಗೆಲ್ಲ, "ನಮ್ಮವಳು ಇಲಿ ಸಾಕ್ತಾಳೆ," ಎಂದು ಹೇಳಿ ಮಾತು ಮುಗಿಸುತ್ತಿದ್ದಳು.

ಒಂದು ಭಾನುವಾರ ಅವಳನ್ನು ಅಗ್ರಹಾರದ ನಮ್ಮ ಮನೆಗೆ ಊಟಕ್ಕೆ ಕರೆದೆ. ಅಮ್ಮ ಹಪ್ಪಳ ಕರಿಯುತ್ತಿದ್ದಳು. ಅವಳು ಅಡುಗೆಮನೆಯ ಹೊಸ್ತಿಲಿನಾಚೆಯೇ ಗೋಡೆಗೆ ಒರಗಿ ಕೂತು ಶುರು ಮಾಡಿದಳು.

"ಅಮ್ಮಾ, ಮನೆಗೆ ಕಳ್ಳ ನುಗ್ದ ಅನ್ಕೊಳ್ಳಿ. ಯಜಮಾನ ಹಿಡಿದು ಕೋಣೇಲಿ ಕೂಡಿ ಚಿಲಕ ಹಾಕ್ಬುಟ್ಟ. ಆದ್ರೆ ಕಳ್ಳ ಸಾಯಲ್ಲ. ಕೋಣೆಲಿರೋದನ್ನೇ ಉಂಡ್ಕೊಂಡು ಆರಾಮಾಗವನೆ. ಯಜಮಾನ ಏನು ಮಾಡ್ಬೇಕು?"

"ಬೀದಿಯವರನ್ನ ಕೂಗಬೇಕಪ್ಪ," ಅಂದಳು ಅಮ್ಮ.

"ಕೂಗ್ತಾನೆ. ಜನಾನೂ ಬತ್ತಾರೆ. ಆದ್ರೆ ಅರ್ಧ ಕೂಗೋಷ್ಟರಲ್ಲಿ ಮನೇವರೇ ಯಾರೋ ಬಂದು ಅವನ ಬಾಯಿ ಮುಚ್ತಾರೆ. ಸಾಕು ಬುಡ್ರೀ, ಬೀದಿಯವರೆಲ್ಲ ನುಗ್ಗಿದ್ರೆ ಮನೇನೇ ಮುರ್ದೋಗುತ್ತೆ ಅಂತ. ಅದೂ ನ್ಯಾಯಾನೇ. ಹಂಗೆ ಬಾಯಿ ಮುಚ್ಚೋರು ಯಾರು, ಯಾವಾಗ ಮುಚ್ತಾರೆ, ಕಳ್ಳಂಗೂ ಅವರಿಗೂ ಒಳಒಪ್ಪಂದ ಇದ್ಯಾ, ಇದೇ ಅಮ್ಮ ನಾನು ನಿಮ್ಮ ಮಗಳು ನೋಡ್ತಿರೋದು."

ಅಮ್ಮ ಜಾಲರಿ ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. "ಎಷ್ಟು ಚೆನ್ನಾಗಿದೆಯಲ್ಲೇ ನಿನ್ನ ಕೆಲಸ! ನೀನು ಒಂದು ದಿನವಾದರೂ ಹೇಳಿದೆಯಾ?"

ಬಾಣಲೆಯ ಹಪ್ಪಳ ಸೀದುಹೋಯಿತು. ಹೊರಡುವಾಗ ಅಮ್ಮ ಅವಳ ಕೈಗೆ ಚಟ್ನಿಪುಡಿಯ ಬಾಟಲಿ ಕೊಟ್ಟಳು. ಅಂದಿನಿಂದ ಮನೆಯಲ್ಲಿ ಚಟ್ನಿಪುಡಿ ಕುಟ್ಟಿದಾಗಲೆಲ್ಲ ಮೊದಲ ಬಾಟಲಿ ಅವಳಿಗೆ. ಅಮ್ಮ ಇರುವವರೆಗೂ ಹೀಗೇ ನಡೆಯಿತು. ಹೊತ್ತು ಕೊಡುವವಳು ಮಾತ್ರ ನಾನು.

ಗುರುಗಳ ಸ್ನೇಹಿತರೊಬ್ಬರು ವಿದೇಶದಿಂದ ವಿಶೇಷವಾದ ಇಲಿಗಳನ್ನು ಕಳಿಸಿಕೊಟ್ಟರು. ಅವುಗಳಲ್ಲಿ ಒಂದು ಜೀನನ್ನು ತೆಗೆದುಹಾಕಲಾಗಿತ್ತು. ಬಾಯಿ ಮುಚ್ಚಿಸುವ ಪ್ರೋಟೀನುಗಳಲ್ಲಿ ಒಂದು ಆ ಇಲಿಗಳ ಮೈಯಲ್ಲಿ ಇಲ್ಲವೇ ಇಲ್ಲ. ಅದರ ಉದ್ದನೆಯ ಹೆಸರು ಬೇಡ, ನಾವು ಲ್ಯಾಬಿನಲ್ಲಿ 'ಬಾಯಿಮುಚ್ಚ' ಎಂದೇ ಕರೆಯುತ್ತಿದ್ದೆವು. ಆ ಇಲಿಗಳಿಗಾಗಿ ನಾನು ಕಾದು ಕೂತಿದ್ದೆ, ಅವುಗಳ ಬಗ್ಗೆ ಬಂದದ್ದನ್ನೆಲ್ಲ ಓದಿಟ್ಟುಕೊಂಡಿದ್ದೆ. ಗುರುಗಳು ನಮ್ಮಿಬ್ಬರನ್ನೂ ಕೋಣೆಗೆ ಕರೆದು, ಅವಳ ಕಡೆ ನೋಡಿ, "ನೀನು ತಗೋಮ್ಮ," ಅಂದರು.

ನನ್ನ ಮುಖ ನೋಡಿದವರೇ, "ನೀನು ಎಣಿಸೋದರಲ್ಲಿ ಗಟ್ಟಿ. ಅವಳು ನೋಡೋದರಲ್ಲಿ," ಎಂದು ಸೇರಿಸಿದರು. ಹೊಗಳಿದ್ದೇನೆಂದೇ ಅವರು ತಿಳಿದಿದ್ದರು. ಅವರು ಕೆಟ್ಟವರಲ್ಲ. ಆದರೆ ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಅವಳು ನೋಡಿದಳು. ಬಾಯಿಮುಚ್ಚ ಇಲ್ಲದ ಇಲಿಗಳ ಕಣಗಳು ಜೋರಾಗಿ ಕೂಗುತ್ತಿದ್ದವು, ಎಂದರೆ ಅವುಗಳ ಸಂಕೇತಗಳು ಏರಿದ್ದವು. ಅಷ್ಟೇ ಅಲ್ಲ, ಅವುಗಳ ಗುಲ್ಮ ಅಥವಾ ಸ್ಪ್ಲೀನಿನಲ್ಲಿ ಬ್ಯಾಕ್ಟೀರಿಯಗಳು ತೀರ ಕಡಿಮೆ. ಕೂಗು ಜೋರಾದ್ದರಿಂದಲೇ ಕಳ್ಳ ಸತ್ತ ಎಂದು ಅವಳು ಬರೆದಳು. ಆ ಬಾಯಿಮುಚ್ಚನನ್ನು ಔಷಧಿಯಿಂದ ತಡೆದರೆ ಕ್ಷಯದ ರೋಗಿಗಳಿಗೂ ಉಪಯೋಗವಾದೀತು ಎಂಬ ಆಸೆಯ ಒಂದು ವಾಕ್ಯವೂ ಕೊನೆಯಲ್ಲಿತ್ತು. ಅದು ದೊಡ್ಡ ಪತ್ರಿಕೆಯಲ್ಲಿ ಬಂತು. ಮೈಸೂರಿನ ಒಂದು ಲ್ಯಾಬಿನಿಂದ ಇಂಥದ್ದು ಬಂದಿದೆಯೆಂದು ಎಲ್ಲೆಲ್ಲಿಂದಲೋ ಕರೆ ಬಂತು. ಗುರುಗಳು ಹೊಸ ಕೋಟು ಹೊಲಿಸಿದರು. ಅವಳು ದೆಹಲಿಗೆ ಹೋಗಿ ಉಪನ್ಯಾಸ ಮಾಡಿ ಬಂದಳು. ಬಂದವಳು ನನಗೊಂದು ಶಾಲು ತಂದಿದ್ದಳು. ಅದನ್ನು ನಾನು ಹೊದೆಯಲಿಲ್ಲ. ಬಣ್ಣ ನನಗೆ ಚೆನ್ನಾಗಿ ಒಪ್ಪುತ್ತಿತ್ತು, ಅದೂ ಒಂದು ಸಿಟ್ಟು.

ಇಬ್ಬರದೂ ಪಿಎಚ್.ಡಿ. ಮುಗಿದು, ಅದೇ ಲ್ಯಾಬಿನಲ್ಲಿ ತಾತ್ಕಾಲಿಕ ಕೆಲಸದಲ್ಲಿದ್ದೆವು. ಒಂದು ಕಾಯಂ ಹುದ್ದೆ ಬಂತು. ಅರ್ಜಿ ಹಾಕಿದವರು ಹಲವರು. ಆದರೆ ಅದು ಅವಳಿಗೇ ಎಂದು ಕ್ಯಾಂಟೀನಿನಲ್ಲಿ ಕಾಫಿ ಕೊಡುವವನಿಗೂ ಗೊತ್ತಿತ್ತು. ನಾನು ಅರ್ಜಿ ಹಾಕಿದ್ದು, ಹಾಕದಿದ್ದರೆ ಸೋತೆನೆಂದು ಒಪ್ಪಿದಂತೆ ಎನ್ನುವ ಕಾರಣಕ್ಕೆ.

ಸಂದರ್ಶನಕ್ಕೆ ಇನ್ನೂ ಒಂದೆರಡು ತಿಂಗಳಿದೆ ಎನ್ನುವಾಗ, ಒಂದು ಮಧ್ಯಾಹ್ನ ಅವಳು ನನ್ನನ್ನು ಅನಿಮಲ್ ಹೌಸಿನ ಹಿಂದಿನ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋದಳು. ಊಟದ ಡಬ್ಬಿ ಬಿಚ್ಚಿದಳು, ಆದರೆ ಕೈ ಹಾಕಲಿಲ್ಲ.

"ನನ್ನ ಪೇಪರ್ರು ಸುಳ್ಳೇನೋ ಅನ್ನಿಸ್ತಿದೆ ಕಣೇ," ಅಂದಳು.

ನಾನು ರೊಟ್ಟಿ ಮುರಿಯುತ್ತಿದ್ದವಳು ನಿಲ್ಲಿಸಿದೆ.

"ಮಾಮೂಲಿ ಇಲಿಗಳ ಕಣ ತಗೊಂಡು, ಬಾಯಿಮುಚ್ಚನ್ನ ರಾಸಾಯನಿಕ ಹಾಕಿ ತಡೆದು ನೋಡ್ದೆ. ಕೂಗು ಜೋರಾಯ್ತು. ಬ್ಯಾಕ್ಟೀರಿಯ ಸಾಯ್ಲಿಲ್ಲ. ಎಷ್ಟು ಸಲ ಮಾಡಿದ್ರೂ ಅಂಗೇ."

"ಮತ್ತೆ ಆ ಇಲಿಗಳಲ್ಲಿ ಸಾಯುತ್ತಲ್ಲ?"

"ಅದೇ! ಆ ಇಲೀಲಿ ಇನ್ನೇನೋ ಇದೆ." ಮುಂದಕ್ಕೆ ಬಾಗಿದಳು. "ಆ ಜೀನು ತೆಗೆದದ್ದು ಬೇರೆ ತಳಿ ಇಲೀಲಿ. ಆಮೇಲೆ ನಮ್ಮ ಕರಿಯಿಲಿಗೆ ಕೂಡಿಸಿ ಕೂಡಿಸಿ ತಂದಿದ್ದು. ಜೀನು ಒಂದೇ ಬರಲ್ಲ ಕಣೇ, ಪಕ್ಕದಲ್ಲಿರೋದನ್ನೂ ಕೈ ಹಿಡ್ಕೊಂಡು ಬತ್ತದೆ. ಸೊಸೆ ಒಬ್ಳನ್ನೇ ಮನೆ ತುಂಬಿಸ್ಕೊಂಡ್ವಿ ಅನ್ಕೊಂಡಿದೀವಿ. ಅವಳ ಹಿಂದೆ ಅವಳಣ್ಣನೂ ಬಂದು ಸೇರ್ಕೊಂಡವ್ನೆ. ಪಕ್ಕದಲ್ಲೇ ಇರೋ ಒಂದು ಜೀನು, ಆ ತಳೀಲಿ ಅದು ಗಟ್ಟಿ, ನಮ್ಮ ಕರಿಯಿಲೀಲಿ ದುರ್ಬಲ. ಬ್ಯಾಕ್ಟೀರಿಯ ಕೊಲ್ತಿರೋದು ಆ ಅಣ್ಣ. ನಾನು ಹೆಸರು ಕೊಟ್ಟಿರೋದು ಸೊಸೆಗೆ."

ಅಷ್ಟಕ್ಕೇ ನಿಲ್ಲಿಸಿರಲಿಲ್ಲ. ವರ್ಷವೊಂದರಿಂದ ಸದ್ದಿಲ್ಲದೆ ಇಲಿಗಳನ್ನು ಕೂಡಿಸುತ್ತಾ, ಮರಿಗಳನ್ನು ಪರೀಕ್ಷಿಸುತ್ತಾ, ಅಣ್ಣ ತಂಗಿ ಬೇರೆಬೇರೆಯಾದ ಮರಿಗಳಿಗಾಗಿ ಕಾದಿದ್ದಳು. ಅಕ್ಕಪಕ್ಕದ ಜೀನುಗಳು ಅಪರೂಪಕ್ಕೆ ಮಾತ್ರ ಕೈ ಬಿಡುತ್ತವೆ. ಅವಳ ತಾಳ್ಮೆಗೆ ಕೊನೆಗೂ ಅಂಥ ಮರಿಗಳು ಹುಟ್ಟಿದ್ದವು. ಬಾಯಿಮುಚ್ಚ ಇಲ್ಲದ, ಆದರೆ ಅಣ್ಣನೂ ಬಾರದ ಇಲಿಗಳು. ಅಣ್ಣ ಮಾತ್ರ ಬಂದ ಇಲಿಗಳು. ಅವಕ್ಕೆಲ್ಲ ಬಿಸಿಜಿ ಕೊಟ್ಟು, ಗುಲ್ಮ ಅರೆದು, ಪ್ಲೇಟುಗಳ ಮೇಲೆ ಹರಡಿಯೂ ಆಗಿತ್ತು. ಈ ಬ್ಯಾಕ್ಟೀರಿಯಗಳು ಆಮೆಗಿಂತ ನಿಧಾನ, ಪ್ಲೇಟಿನ ಮೇಲೆ ಕಣ್ಣಿಗೆ ಕಾಣುವಂತೆ ಬೆಳೆಯಲು ಮೂರು ವಾರ ಬೇಕು.

"ಬೆಳೆದಿವೆ," ಅಂದಳು. "ನೀನು ಎಣಿಸ್ಬೇಕು."

"ನಾನ್ಯಾಕೆ? ಲ್ಯಾಬಲ್ಲಿ ಇಷ್ಟು ಜನ ಇದಾರಲ್ಲ."

"ನಿಂಗೆ ನನ್ನ ಕಂಡ್ರೆ ಹೊಟ್ಟೆಕಿಚ್ಚಲ್ವಾ, ಅದಕ್ಕೆ."

ಕೊಂಕಿಲ್ಲದೆ, ನಗುವಿಲ್ಲದೆ ಅಂದಳು. ನಿನಗೆ ಕನ್ನಡಕ ಇದೆಯಲ್ಲ ಎನ್ನುವಷ್ಟು ಸಲೀಸಾಗಿ. ನನ್ನ ಕಿವಿ ಬಿಸಿಯಾಯಿತು. ಇಲ್ಲ ಎನ್ನಬೇಕಿತ್ತು. ಅವಳೆದುರಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

"ನಾನು ಬೇಕಂತಲೇ ನಿನ್ನ ವಿರುದ್ಧ ಎಣಿಸಿದರೆ?"

"ಪ್ಲೇಟಿನ ಮೇಲೆ ಬರೀ ಗುರುತು ಇರುತ್ತೆ. ಯಾವುದು ಯಾರ್ದು ಅಂತ ನಿಂಗೆ ಗೊತ್ತಿರಲ್ವಲ್ಲ, ಎಂಗೆ ಎಣಿಸ್ತೀಯ ವಿರುದ್ಧ?"

"ಹಾಗಾದ್ರೆ ಯಾರು ಎಣಿಸಿದರೂ ಒಂದೇ."

"ಎಣಿಸೋದು ಒಂದೇ ಕಣೇ. ಎಣಿಸಾದ್ಮೇಲೆ ಒಬ್ರು ನನ್ನೆದುರು ಕೂತ್ಕೊಂಡು ಹೇಳ್ಬೇಕಲ್ಲ. ಬೇರೆಯವರು ಸಮಾಧಾನ ಮಾಡ್ತಾರೆ. ಇನ್ನೊಂದು ಸಲ ನೋಡು, ಏನೋ ಹೆಚ್ಚುಕಮ್ಮಿ ಆಗಿರ್ಬೌದು ಅಂತಾರೆ. ನಾನು ಅದನ್ನ ನಂಬ್ಬುಡ್ತೀನಿ. ನಂಬೋಕೆ ಕಾಯ್ತಾ ಇದೀನಿ ನಾನು." ಈಗ ಅವಳ ಧ್ವನಿ ಮೊದಲ ಸಲ ಅಲುಗಿತು. "ನೀನು ಹಂಗೆ ಮಾಡಲ್ಲ."

ಎಣಿಸಿದೆ. ನನ್ನ ಜೀವನದಲ್ಲಿ ಅಷ್ಟು ಎಚ್ಚರದಿಂದ ಏನನ್ನೂ ಎಣಿಸಿಲ್ಲ. ಮಾಸಲು ಬಣ್ಣದ, ಸುಕ್ಕುಸುಕ್ಕಾದ ಸಣ್ಣ ಚುಕ್ಕೆಗಳು, ಒಂದೊಂದೂ ಇಲಿಯಲ್ಲಿ ಬದುಕುಳಿದ ಒಂದು ಬ್ಯಾಕ್ಟೀರಿಯದ ಸಂತಾನ. ಒಂದಕ್ಕೊಂದು ಅಂಟಿಕೊಂಡದ್ದು ಒಂದೋ ಎರಡೋ ಎಂದು ಅನುಮಾನ ಬಂದಾಗ ಭೂತಗನ್ನಡಿ ಹಿಡಿದು ನೋಡಿದೆ. ನನ್ನ ಕೈಯಲ್ಲಿ ಅವಳ ಹೆಸರಿದೆ, ಹುದ್ದೆಯಿದೆ, ಗುರುಗಳ ಹೊಸ ಕೋಟಿದೆ ಎಂದು ಗೊತ್ತಿತ್ತು. ಆದರೆ ಯಾವ ಚುಕ್ಕೆಯಲ್ಲಿ ಏನಿದೆಯೆಂದು ಮಾತ್ರ ಗೊತ್ತಿರಲಿಲ್ಲ. ಅವಳು ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕೂತಿದ್ದಳು. ಒಮ್ಮೆಯೂ ಇಣುಕಲಿಲ್ಲ.

ಕೊನೆಗೆ ಗುರುತುಗಳನ್ನು ಬಿಡಿಸಿ ಜೋಡಿಸಿದೆವು. ಅಣ್ಣನಿದ್ದ ಇಲಿಗಳಲ್ಲೆಲ್ಲ ಚುಕ್ಕೆ ವಿರಳ, ಬಾಯಿಮುಚ್ಚ ಇರಲಿ ಬಿಡಲಿ. ಅಣ್ಣನಿಲ್ಲದ ಇಲಿಗಳಲ್ಲಿ ಪ್ಲೇಟಿನ ತುಂಬ ಚುಕ್ಕೆ. ಎರಡು ಮಾತಿಲ್ಲ.

ಅವಳ ಎದುರು ಕೂತೆ. "ನಿನ್ನ ಪೇಪರಿನ ಮುಖ್ಯವಾದ ಮಾತು ತಪ್ಪು," ಅಂದೆ. "ಸಂಕೇತ ಏರುತ್ತೆ ಅನ್ನೋದು ಸರಿ. ಅದರಿಂದ ಬ್ಯಾಕ್ಟೀರಿಯ ಸಾಯುತ್ತೆ ಅನ್ನೋದು ತಪ್ಪು. ಅನುಮಾನಕ್ಕೆ ಜಾಗವಿಲ್ಲ."

ಇಂಥದ್ದೊಂದು ದಿನಕ್ಕೆ ನಾನು ವರ್ಷಗಳಿಂದ ಕಾದಿದ್ದೆ. ಅವಳ ಮುಖ ಕಪ್ಪಿಡುವುದನ್ನು ನೋಡಬೇಕಿತ್ತು. ಅವಳು ಹಾಳೆಯನ್ನು ದಿಟ್ಟಿಸಿದಳು, ಆಮೇಲೆ ಎರಡೂ ಕೈ ಬೆಂಚಿಗೆ ಬಡಿದು, "ಅಣ್ಣನೇ ಕಣೇ! ಅಯ್ಯೋ ಕಳ್ನನ್ಮಗ್ನೆ, ನೀನೇನೇನೋ!" ಎಂದು ನಗತೊಡಗಿದಳು. ಅದು ಒಣ ನಗೆಯಲ್ಲ. ಕಳೆದುಹೋದದ್ದು ಸಿಕ್ಕಿದವರ ನಗೆ. ಅಷ್ಟು ದಿನ ಕಾಡಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಆ ಉತ್ತರ ತನ್ನನ್ನೇ ನುಂಗಿದೆ ಎನ್ನುವುದು ಅವಳಿಗೆ ಆ ಗಳಿಗೆಯಲ್ಲಿ ನೆನಪೇ ಇರಲಿಲ್ಲ. ನನಗೆ ಅವಳ ಪೇಪರಿನ ಮೇಲೆ, ಶಾಲಿನ ಮೇಲೆ, ಚಟ್ನಿಪುಡಿಯ ಮೇಲೆ ಇದ್ದ ಕಿಚ್ಚೆಲ್ಲ ಸೇರಿದರೂ ಆ ನಗುವಿನ ಮೇಲೆ ಹುಟ್ಟಿದ ಕಿಚ್ಚಿಗೆ ಸಮವಾಗಲಿಲ್ಲ. ಹಾಗೆ ನಗುವುದು ನನಗೆ ಯಾವತ್ತೂ ಬಾರದು ಎಂದು ಅಲ್ಲೇ ತಿಳಿದುಹೋಯಿತು.

ಆಮೇಲೆ ಕೈತೊಳೆಯುವ ತೊಟ್ಟಿಯ ಹತ್ತಿರ ಅವಳನ್ನು ನೋಡಿದೆ. ಮುಖ ತೊಳೆಯುತ್ತಿದ್ದಳು, ತೊಳೆಯುತ್ತಲೇ ಇದ್ದಳು. ತಿರುಗಿದಾಗ ಹಣೆಯ ವಿಭೂತಿ ಒಂದೆಳೆಯೂ ಉಳಿದಿರಲಿಲ್ಲ. ಅವಳ ಬರಿ ಹಣೆಯನ್ನು ನಾನು ಕಂಡದ್ದು ಅದೊಂದೇ ಸಲ.

ಗುರುಗಳಿಗೆ ಹೇಳುವಾಗ ನನ್ನನ್ನೂ ಜೊತೆಗೆ ಕರೆದಳು. ಅವರು ಎಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಂಟರ್‌ವ್ಯೂ ಮುಗೀಲಮ್ಮ. ಆಮೇಲೆ ಬರೆಯೋಣ. ಸತ್ಯ ಎಲ್ಲಿಗೂ ಓಡಿಹೋಗಲ್ಲ."

"ಅದು ಓಡಲ್ಲ ಸಾರ್. ನಾನು ಓಡ್ಬುಡ್ತೀನಿ," ಅಂದಳು. "ಒಂದು ಸಲ ಕುರ್ಚೀಲಿ ಕೂತ್ಮೇಲೆ ಬರೆಯೋಕೆ ನಂಗೆ ಧೈರ್ಯ ಬರಲ್ಲ."

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ನನ್ನ ಹೆಸರೂ ಇದೆಯಲ್ಲಮ್ಮ ಅದರಲ್ಲಿ," ಅಂದರು ಕಡೆಗೆ. ಅವರ ಆ ಒಂದು ಮಾತಿಗೆ ಮಾತ್ರ ಅವಳು ಅತ್ತಳು. ಆದರೆ ಬರೆದಳು. ಸಂಬಂಧಪಟ್ಟವರಿಗೆಲ್ಲ ತಿಳಿಸಿ, ಪೇಪರನ್ನು ಹಿಂದಕ್ಕೆ ಪಡೆದು, ತಪ್ಪು ಎಲ್ಲಿ, ಹೇಗೆ ಆಯಿತು ಎನ್ನುವುದನ್ನು ಪ್ರತ್ಯೇಕವಾಗಿ ಪ್ರಕಟಿಸಿದಳು. ಎಣಿಸಿದವಳೆಂದು ಅದರಲ್ಲಿ ನನ್ನ ಹೆಸರನ್ನೂ ಸೇರಿಸಿದಳು. ನಾನು ಬೇಡವೆಂದರೂ ಕೇಳಲಿಲ್ಲ. ಇವತ್ತಿಗೂ ನನ್ನ ಹೆಸರನ್ನು ಅತಿ ಹೆಚ್ಚು ಜನ ಓದಿರುವುದು ಅಲ್ಲಿಯೇ, ಅವಳ ತಪ್ಪಿನ ಕೆಳಗೆ.

ಸಂದರ್ಶನದಲ್ಲಿ ಅವಳನ್ನು ಕೇಳಿದ್ದೆಲ್ಲ ಅದೊಂದರ ಬಗ್ಗೆಯೇ ಅಂತೆ. ಹುದ್ದೆ ನನಗೆ ಸಿಕ್ಕಿತು. ಮನೆಯಲ್ಲಿ ಅಮ್ಮ ಪಾಯಸ ಮಾಡಿದಳು, ಬಡಿಸುತ್ತಾ, "ಪಾಪ, ಆ ಮಗು ಏನು ಮಾಡುತ್ತಿದೆಯೋ," ಅಂದಳು. ಕ್ಯಾಂಟೀನಿನಲ್ಲಿ, ಕಾರಿಡಾರಿನಲ್ಲಿ ಜನ ನನ್ನನ್ನು ತೋರಿಸಿ, "ಅವರು ಪೇಪರ್ ವಾಪಸ್ ತಗೊಂಡ್ರಲ್ಲ, ಅದಕ್ಕೆ ಇವರಿಗೆ ಸಿಕ್ತು," ಎನ್ನುತ್ತಿದ್ದರು. ನನ್ನ ನೇಮಕಾತಿಯ ಕಥೆಯಲ್ಲೂ ನಾಯಕಿ ಅವಳೇ.

ಅವಳು ಹೂಟಗಳ್ಳಿ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸಲು ಸೇರಿದಳು. ಕಾರ್ಖಾನೆಯ ಕೆಲಸಗಾರರ ಮಕ್ಕಳು ಓದುವ ಕಾಲೇಜು. ಅಲ್ಲಿ ಇಲಿಯಿಲ್ಲ, ಇದ್ದ ಸೂಕ್ಷ್ಮದರ್ಶಕಗಳಲ್ಲಿ ಅರ್ಧಕ್ಕೆ ಬೆಳಕಿಲ್ಲ. ಮುಗಿಯಿತು ಇವಳ ಕಥೆ ಎಂದುಕೊಂಡೆ. ಸಮಾಧಾನಪಟ್ಟೆ ಎಂದೇ ಹೇಳಬೇಕು.

ಕೆಲವು ವರ್ಷಗಳಲ್ಲಿ ಅವಳ ವಿದ್ಯಾರ್ಥಿಗಳು ನನ್ನ ಲ್ಯಾಬಿಗೆ ಬರತೊಡಗಿದರು. ಅವರನ್ನು ದೂರದಿಂದಲೇ ಗುರುತಿಸಬಹುದಿತ್ತು. ಫಲಿತಾಂಶ ಚೆನ್ನಾಗಿ ಬಂದ ದಿನ ಬೇರೆ ಮಕ್ಕಳು ಸಿಹಿ ಹಂಚಿದರೆ, ಇವರು ಮುಖ ಸಣ್ಣದು ಮಾಡಿಕೊಂಡು, "ಮೇಡಂ, ಇದು ಬೇರೆ ಯಾವುದಾದರೂ ಕಾರಣಕ್ಕೆ ಬಂದಿರಬಹುದಾ?" ಎಂದು ಕೇಳುತ್ತಿದ್ದರು. ಒಬ್ಬ ಹುಡುಗಿ ನನ್ನ ಮಾರ್ಗದರ್ಶನದಲ್ಲಿ ನಾಲ್ಕು ವರ್ಷ ದುಡಿದು ನಿಜಕ್ಕೂ ಹೊಸದೊಂದನ್ನು ಕಂಡಳು. ನನಗೆ ತೋರಿಸಿದಳು. ನಾನು ಹೊಗಳುವುದರೊಳಗೆ, "ಒಂದ್ನಿಮಿಷ ಮೇಡಂ, ನಮ್ಮ ಮೇಡಂಗೆ ಫೋನ್ ಮಾಡಿ ಬಂದ್ಬುಡ್ತೀನಿ," ಎಂದು ಓಡಿದಳು. ನಾನು ಮೇಡಂ, ಅವಳು 'ನಮ್ಮ ಮೇಡಂ'. ಹಾಳೆ ನನ್ನ ಕೈಯಲ್ಲೇ ಇತ್ತು.

ನಮ್ಮ ಸ್ನೇಹ ಕಡಿಯಲಿಲ್ಲ, ಅದನ್ನು ಸ್ನೇಹ ಎನ್ನಬಹುದಾದರೆ. ನನ್ನ ಒಂದು ಪೇಪರನ್ನೂ ಅವಳಿಗೆ ತೋರಿಸದೆ ನಾನು ಪ್ರಕಟಿಸಲಿಲ್ಲ. ಅವಳು ಓದಿ, ತಪ್ಪಿದ್ದರೆ ತಪ್ಪೆನ್ನುವಳು. ಸರಿಯಿದ್ದರೆ, "ಸರಿ ಇದೆ ಕಣೇ, ಕಳ್ಸು," ಎನ್ನುವಳು. ಅದಕ್ಕಿಂತ ಹೆಚ್ಚಿನದನ್ನು ಅವಳ ಬಾಯಿಂದ ಕೇಳಬೇಕೆಂದು ನಾನು ಎಷ್ಟು ಕೆಲಸ ಮಾಡಿದೆನೆಂಬುದು ನನಗೇ ಗೊತ್ತು.

ಹೋದ ವರ್ಷ ಅವಳಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. "ಜನ್ಮವೆಲ್ಲ ಬಿಳಿಕಣ ಬಿಳಿಕಣ ಅಂತ ಅವುನ್ನ ತಲೆ ಮೇಲೆ ಕೂರಿಸ್ಕೊಂಡೆ ನೋಡು, ಈಗ ಮಾತು ಕೇಳ್ತಿಲ್ಲ," ಎಂದು ಫೋನಿನಲ್ಲಿ ಹೇಳಿದಳು. ಚಿಕಿತ್ಸೆ ನಡೆಯಿತು, ಆಮೇಲೆ ಸಾಕು ಎಂದು ಮನೆಗೆ ಕರೆತಂದರು. ಮಕ್ಕಳಿಲ್ಲ. ಅವಳ ಗಂಡ ಅಂಚೆ ಇಲಾಖೆಯಲ್ಲಿದ್ದವರು, ರಜೆ ಹಾಕಿ ಮನೆಯಲ್ಲೇ ಇದ್ದರು.

ಒಂದು ಸಂಜೆ ಹೋದೆ. ಅವಳು ಕೂದಲಿಲ್ಲದ ತಲೆಗೆ ಹತ್ತಿಯ ಬಟ್ಟೆ ಸುತ್ತಿಕೊಂಡು ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಗಂಡ ಕಾಫಿ ಮಾಡಲು ಒಳಗೆ ಹೋದರು. ಏನೇನೋ ಮಾತಾಡಿದೆವು. ನಾನು ಕೇಳಬೇಕೆಂದು ಬಂದದ್ದನ್ನು ಕೊನೆಗೂ ಕೇಳಿದೆ.

"ನಿನಗೆ ನನ್ನ ಮೇಲೆ ಯಾವತ್ತಾದರೂ ಹೊಟ್ಟೆಕಿಚ್ಚಾಗಿತ್ತೇನೇ?"

ಅವಳು ಯೋಚಿಸಿದಳು. ಹೌದು ಎನ್ನುತ್ತಾಳೆ ಎಂದು ನನಗೆ ಆಸೆ ಹುಟ್ಟಿತು. ಹುದ್ದೆ ಸಿಕ್ಕಿದ್ದು ನನಗೆ, ಲ್ಯಾಬು ನನ್ನದು, ಇಲಿಗಳು ನನ್ನವು. ಒಂದಿಷ್ಟಾದರೂ ಇರಲೇಬೇಕಲ್ಲ.

"ಇಲ್ಲ ಕಣೇ," ಅಂದಳು. "ಇರ್ಬೇಕಿತ್ತೇನೋ. ಇರ್ಲಿಲ್ಲ."

"ನನಗೆ ಕೆಲಸ ಸಿಕ್ಕಿದ ದಿನ?"

"ಅವತ್ತು ಅತ್ತೆ. ಅದು ನಂಗೆ ಇಲಿ ಇಲ್ದಂಗಾಯ್ತಲ್ಲ ಅಂತ ಅತ್ತಿದ್ದು. ನಿನ್ನ ನೆನಪೇ ಆಗ್ಲಿಲ್ಲ."

ಅಷ್ಟು ವರ್ಷದ ಕಿಚ್ಚು ಒಮ್ಮೆಗೇ ನೆತ್ತಿಗೆ ಏರಿತು. ಆ ಮನೆಯಲ್ಲಿ ತಿಂಗಳುಗಳಿಂದ ಯಾರೂ ಬಾಯಿಗೆ ತಾರದ ಪದ ನನ್ನ ಬಾಯಿಂದ ಹೊರಬಿತ್ತು. "ಸಾಯೋ ಹೊತ್ತಿಗಾದ್ರೂ ಒಂದು ಸುಳ್ಳು ಹೇಳಬಾರದೇನೇ ನೀನು! ನನಗೋಸ್ಕರ ಒಂದೇ ಒಂದು!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ನನ್ನನ್ನೇ ನೋಡಿದಳು. ತುಟಿ ಅದುರಿತು. ಆಮೇಲೆ ನಗು ಶುರುವಾಯಿತು, ಮೈಯೆಲ್ಲ ಕುಲುಕುವ ನಗು. ಅದು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಅವಳ ಗಂಡ ಕಾಫಿಯ ಲೋಟ ಬಿಟ್ಟು ನೀರು ಹಿಡಿದು ಓಡಿಬಂದರು. "ಏನಾಯ್ತು? ಏನಂದ್ರಿ?" ಎಂದು ಗಾಬರಿಯಾದರು. ಅವಳು ಕೈ ಅಲ್ಲಾಡಿಸಿ ಅವರನ್ನು ಸುಮ್ಮನಿರಿಸಿ, ನೀರು ಕುಡಿದು, ಕಣ್ಣೊರೆಸಿಕೊಂಡು, ನನ್ನ ಮಣಿಕಟ್ಟನ್ನು ಹಿಡಿದಳು. ಹಿಡಿತದಲ್ಲಿ ಬಲವೇ ಇರಲಿಲ್ಲ.

"ನಾಳೇನೂ ಬಾರೇ," ಅಂದಳು.

ಹೋದೆ. ಅದರ ಮಾರನೆಯ ದಿನವೂ ಹೋದೆ. ಅವಳು ಇರುವಷ್ಟು ದಿನವೂ ಸಂಜೆ ಲ್ಯಾಬಿನಿಂದ ನೇರ ಅಲ್ಲಿಗೇ. ಅವಳ ವಿದ್ಯಾರ್ಥಿಗಳು ಯಾರಾದರೂ ಬಂದು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಿದ್ದರೆ, ನಾನು ಬಾಗಿಲಲ್ಲೇ ನಿಂತು, ಅವರು ಎದ್ದು ಹೋಗುವವರೆಗೂ ಅವರನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದೆ.